ಜವಾಬ್ದಾರಿ ನಮ್ದು, ಬೀಗದ ಕೈ ಯಾರ್ದು?

265 ರೂಪಾಯಿಗೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಸಾಕ್ಸ್ ತರಬೇಕು. ತಂದಿದ್ದು ಒಂದು ವರ್ಷ ಬಾಳಿಕೆನೂ ಬರಬೇಕು. ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೆ ನಮ್ಮ ರಾಜ್ಯ ಸರ್ಕಾರ ಇಟ್ಟಿರೋ ರೇಟು ಇದು, ಆರರಿಂದ ಎಂಟಕ್ಕೆ 295, ಒಂಬತ್ತು ಹತ್ತಕ್ಕೆ 325. ಬೇರೆ ಸ್ಕೀಮುಗಳ ತರ ಮೇಲಿಂದ ಲಾರಿಲಿ ಸಾಮಾನು ಬರಲ್ಲ ಇದರಲ್ಲಿ, ದುಡ್ಡು ದುಡ್ಡಾಗೇ ಎಸ್‌ಡಿಎಂಸಿ ಕೈಗೆ ಬರತ್ತೆ, ಅಂದ್ರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಅಪ್ಪ ಅಮ್ಮಂದಿರೇ ಅಂಗಡಿಗೆ ಹೋಗಿ ನೋಡಿ ತರಬೇಕು.

ನಾನು ಓದಿದ ಶಾಲೆ ಅಂತ ಆಗಾಗ ತಲೆ ಹಾಕೋ ಬೆಂಗಳೂರಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಲಿ ಹಿಂದಿನ ಸಲ ಈ ಶೂ ವ್ಯಾಪಾರ ಕಣ್ಣಾರೆ ನೋಡಿದೆ. ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡೋ ಒಬ್ಬ ತಾಯಿ, ಸಮಿತಿ ಸದಸ್ಯೆ, ಸ್ಯಾಂಪಲ್ ಶೂ ಕೈಗೆ ತಗೊಂಡು ಮೊದಲು ಮಾಡಿದ್ದೇನು ಗೊತ್ತಾ, ಹಿಮ್ಮಡಿ ಮತ್ತೆ ತುದಿ ಹಿಡ್ಕೊಂಡು ಎರಡಾಗಿ ಮಡಚಿ ಬಿಟ್ಟರು. ಸೋಲ್ ಬಿರುಕು ಬಿಡ್ತು. "ಇದು ಮಳೆಗಾಲ ದಾಟಲ್ಲ ಸಾರ್" ಅಂತ ವಾಪಸ್ ಇಟ್ಟು, ಎರಡನೇ ಅಂಗಡಿಗೆ ಹೋಗಿ, ಅಲ್ಲಿ ಹೊಲಿಗೆ ನೋಡಿ (ಹೊಲಿಗೆ ವಿಷಯ ಅವರಿಗೆ ಹೇಳಿಕೊಡಬೇಕಾ), ಒಂದೇ ಸಲಕ್ಕೆ ಇಷ್ಟು ಜೊತೆ ತಗೋತೀವಿ ಅಂತ ಚೌಕಾಸಿ ಮಾಡಿ, ಅದೇ 265ಕ್ಕೆ ಪರವಾಗಿಲ್ಲ ಅನ್ನೋ ಶೂ ತಂದ್ರು. ಆ ವರ್ಷ ಫೆಬ್ರವರಿಲೂ ಮಕ್ಕಳ ಕಾಲಲ್ಲಿ ಶೂ ಇತ್ತು. ಇಷ್ಟೆಲ್ಲಾ ಯಾಕೆ ಹೇಳ್ತಿದೀನಿ ಅಂದ್ರೆ, ಸರ್ಕಾರಿ ಶಾಲೆ ಪೋಷಕರಿಗೆ ಆಸಕ್ತಿ ಇಲ್ಲ, ಓದಿಲ್ಲ, ಅವರ ಕೈಗೆ ಏನ್ ಕೊಟ್ಟರೂ ಅಷ್ಟೇ ಅನ್ನೋ ಮಾತು ನಮ್ಮಲ್ಲಿ ತುಂಬಾ ಸಲೀಸಾಗಿ ಓಡಾಡತ್ತೆ.

ಆದ್ರೆ ಅದೇ ತಾಯಿಗೆ ಶೂ ಬಿಟ್ಟು ಬೇರೆ ಏನು ತೀರ್ಮಾನ ಮಾಡೋಕಾಗತ್ತೆ ಅಂತ ನೋಡಿ. ಗಣಿತಕ್ಕೆ ಟೀಚರ್ ಇಲ್ಲ, ಕೇಳಬಹುದು ಅಷ್ಟೇ. ಇರೋ ಟೀಚರನ್ನ ವರ್ಷದ ಮಧ್ಯೆ ಬೇರೆ ಕಡೆ ಹಾಕಿದ್ರೆ ತಡೆಯೋಕಾಗಲ್ಲ. ಟಾಯ್ಲೆಟ್ ತೊಳೆಯೋಕೆ ಒಬ್ಬರನ್ನ ಕಾಯಂ ಆಗಿ ಇಟ್ಕೊಳಕ್ಕಾಗಲ್ಲ. ಶಾಲೆ ಯಾವಾಗ ತೆಗೀಬೇಕು ಯಾವಾಗ ಮುಚ್ಚಬೇಕು ಅನ್ನೋದಂತೂ ಬಿಡಿ. 2025ರ ಅಕ್ಟೋಬರ್ ನೆನಪಿದೆಯಲ್ಲ, ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಮುಗಿದಿಲ್ಲ, ಟೀಚರ್‌ಗಳೆಲ್ಲ ಗಣತಿಲಿದಾರೆ ಅಂತ ದಸರಾ ರಜೆ ಮುಗಿದ ಮೇಲೆ ಮತ್ತೆ 8ರಿಂದ 18ನೇ ತಾರೀಖಿನವರೆಗೆ ಸರ್ಕಾರಿ ಮತ್ತೆ ಅನುದಾನಿತ ಶಾಲೆಗಳಿಗೆ ರಜೆ ಕೊಟ್ಟರು. ಅದೇ ರಸ್ತೆಲಿರೋ ಪ್ರೈವೇಟ್ ಶಾಲೆ ವ್ಯಾನು ಮಾತ್ರ ಎಂದಿನಂತೆ ಹಾರ್ನ್ ಹೊಡ್ಕೊಂಡು ಹೋಗ್ತಿತ್ತು. ಸಮೀಕ್ಷೆ ಬೇಕಾ ಬೇಡ್ವಾ ಅನ್ನೋ ಜಗಳ ಬೇರೆ, ಅದು ಬೇಕು ಅನ್ನೋನೇ ನಾನು, ಆದ್ರೆ ಹತ್ತು ದಿನ ಮನೇಲಿ ಮಗೂನ ಯಾರು ನೋಡ್ಕೋತಾರೆ ಅಂತ ಒಂದು ಎಸ್‌ಡಿಎಂಸಿನಾದ್ರೂ ಯಾರಾದ್ರೂ ಕೇಳಿದ್ರಾ? ಬೀಗ ಹಾಕಿದ್ಮೇಲೆ ಗೇಟ್ ಹತ್ರ ಬಂದು ಗೊತ್ತಾದವರೂ ಇದ್ರು.

ಇನ್ನೊಂದು ಕಡೆ ಸರ್ಕಾರದ ಕಾರ್ಯಕ್ರಮದ ಹೆಸರೇನು? "ನಮ್ಮ ಶಾಲೆ ನಮ್ಮ ಜವಾಬ್ದಾರಿ." ಹಳೇ ವಿದ್ಯಾರ್ಥಿಗಳು, ದಾನಿಗಳು, ಕಂಪನಿಗಳು ಎಲ್ಲ ಸೇರಿ ಸರ್ಕಾರಿ ಶಾಲೆ ಮೇಲೆತ್ತಬೇಕು ಅಂತ. ಹೆಸರು ಚೆನ್ನಾಗಿದೆ, ನಂಗೂ ಇಷ್ಟ ಆಯ್ತು. ಆದ್ರೆ ನಮ್ಮ ಊರಿನ ಅನುಭವದಲ್ಲಿ ಈ 'ಜವಾಬ್ದಾರಿ' ಅನ್ನೋ ಪದದ ಅರ್ಥ ಮೆಲ್ಲಗೆ ದೇಣಿಗೆ ಅಂತ ಆಗೋಗಿದೆ. ಅಧಿಕಾರ ಇಲ್ದಲೇ ಬರೀ ಜವಾಬ್ದಾರಿ ಕೈಗಿಟ್ಟರೆ ಅದು ಪಾಲುದಾರಿಕೆ ಅಲ್ಲ, ವಸೂಲಿ. ನಗರದ ಶಾಲೆಗಳಲ್ಲಿ ಇದು ಹಳ್ಳಿಗಿಂತ ಯಾಕೆ ಜಾಸ್ತಿ ಅನ್ನೋದಕ್ಕೆ ಒಂದು ಕಾರಣ ಇದೆ, ಅದರ ಬಗ್ಗೆ ಮಾತಾಡೋರು ಕಮ್ಮಿ.

ಸಂವಿಧಾನದ ಹನ್ನೊಂದನೇ ಶೆಡ್ಯೂಲು, ಹನ್ನೆರಡನೇ ಶೆಡ್ಯೂಲು ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ಓದಿ. 1992ರ 73 ಮತ್ತೆ 74ನೇ ತಿದ್ದುಪಡಿಲಿ ಬಂದಿದ್ದು ಇವು, ಪಂಚಾಯ್ತಿಗೆ ಏನೇನು ಕೊಡಬಹುದು, ನಗರಪಾಲಿಕೆಗೆ ಏನೇನು ಕೊಡಬಹುದು ಅನ್ನೋ ಪಟ್ಟಿಗಳು. ಪಂಚಾಯ್ತಿ ಪಟ್ಟಿಲಿ 29 ಬಾಬತ್ತು, ಅದರಲ್ಲಿ 17ನೇದು ನೇರವಾಗಿ ಶಿಕ್ಷಣ, ಪ್ರಾಥಮಿಕ ಮತ್ತೆ ಪ್ರೌಢ ಶಾಲೆಗಳೂ ಸೇರಿ ಅಂತ ಬರೆದಿದೆ. ನಗರದ ಪಟ್ಟಿಲಿ 18 ಬಾಬತ್ತು. ರಸ್ತೆ ಇದೆ, ನೀರಿದೆ, ಸ್ಮಶಾನ ಇದೆ, ಕಸಾಯಿಖಾನೆ ಇದೆ, ದನದ ದೊಡ್ಡಿನೂ ಇದೆ. ಶಾಲೆ? ಶಾಲೆ ಅನ್ನೋ ಪದನೇ ಇಲ್ಲ ಕಣ್ರೀ. 13ನೇದರಲ್ಲಿ ಸಾಂಸ್ಕೃತಿಕ, ಶೈಕ್ಷಣಿಕ, ಸೌಂದರ್ಯದ ಅಂಶಗಳಿಗೆ ಉತ್ತೇಜನ ಅಂತ ಒಂದು ತೇಲಿಸಿದ ಸಾಲಿದೆ ಅಷ್ಟೇ. ಬೀಡಾಡಿ ದನ ಕಟ್ಟಾಕೋದು ಪಾಲಿಕೆ ಕೆಲಸ ಅಂತ ಸ್ಪಷ್ಟವಾಗಿ ಬರೆದೋರಿಗೆ ಮಕ್ಕಳನ್ನ ಕೂರಿಸಿ ಪಾಠ ಹೇಳೋದು ಯಾರ ಕೆಲಸ ಅಂತ ಬರೆಯೋಕೆ ಆಗಲಿಲ್ಲ.

ಇದು ಬರೀ ಕಾಗದದ ಮಾತಲ್ಲ. ಎಸ್‌ಡಿಎಂಸಿ ಅನ್ನೋದು ನಮ್ಮ ರಾಜ್ಯದಲ್ಲಿ ಶುರುವಾಗಿದ್ದು 2001ರಲ್ಲಿ, ಶಿಕ್ಷಣ ಹಕ್ಕಿನ ಆರ್‌ಟಿಇ ಕಾಯ್ದೆ ಬರೋಕೆ ಎಂಟು ವರ್ಷ ಮುಂಚೆ, ಆ ವಿಷಯದಲ್ಲಿ ಕರ್ನಾಟಕ ನಿಜವಾಗ್ಲೂ ಮುಂದಿತ್ತು. 2006ರಲ್ಲಿ ಪಂಚಾಯತ್ ರಾಜ್ ಕಾಯ್ದೆ ಅಡಿ ಗ್ರಾಮ ಪಂಚಾಯ್ತಿಗಳಿಗೆ ಎಸ್‌ಡಿಎಂಸಿ ಮಾದರಿ ಬೈಲಾ ಬಂತು, ಅಂದ್ರೆ ಹಳ್ಳಿಲಿ ಶಾಲೆ ಸಮಿತಿ ಮೇಲೆ ಪಂಚಾಯ್ತಿ, ಪಂಚಾಯ್ತಿ ಮೇಲೆ ಓಟು ಹಾಕೋ ಜನ, ಹೀಗೆ ಒಂದು ಸರಪಳಿ. ಅದು ಎಲ್ಲ ಕಡೆ ಚೆನ್ನಾಗಿ ನಡೀತಿದೆ ಅಂತ ನಾನು ಹೇಳ್ತಿಲ್ಲ, ಆದ್ರೆ ಟಾಯ್ಲೆಟ್ ಬಾಗಿಲು ಮುರಿದಿದ್ರೆ ಪಂಚಾಯ್ತಿ ಮೆಂಬರ್ ಮನೆ ಮುಂದೆ ಹೋಗಿ ನಿಂತ್ಕೋಬಹುದು. ಬೆಂಗಳೂರಲ್ಲಿ ಯಾರ ಮನೆ ಮುಂದೆ ನಿಂತ್ಕೋತೀರ? 2015ರಲ್ಲಿ 198 ವಾರ್ಡಿಗೆ ಎಲೆಕ್ಷನ್ ಆಯ್ತು, 2020ರ ಸೆಪ್ಟೆಂಬರ್‌ಗೆ ಅವಧಿ ಮುಗೀತು, ಅಲ್ಲಿಂದ ಐದು ವರ್ಷಕ್ಕೂ ಮೀರಿ ಕಾರ್ಪೊರೇಟರ್ ಅನ್ನೋ ಪ್ರಾಣಿನೇ ಇಲ್ಲ. ಆ ಮಧ್ಯೆ ಬಿಬಿಎಂಪಿನೇ ಹೋಗಿ 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆ ಆಯ್ತು. ಕಾರ್ಪೊರೇಟರ್ ಇದ್ದಿದ್ರೂ, ಶಿಕ್ಷಣ ಇಲಾಖೆ ಶಾಲೆ ಮೇಲೆ ಅವರಿಗೆ ಹೇಳಿಕೊಳ್ಳೋ ಅಧಿಕಾರ ಏನೂ ಇರಲಿಲ್ಲ ಅನ್ನೋದು ಬೇರೆ ಮಾತು.

ತಮಾಷೆ ಅಂದ್ರೆ ಆರ್‌ಟಿಇ ಕಾಯ್ದೆ 9ನೇ ಸೆಕ್ಷನ್ ಓದಿದ್ರೆ, ಮಕ್ಕಳಿಗೆ ಉಚಿತ ಕಡ್ಡಾಯ ಶಿಕ್ಷಣ ಕೊಡೋದು ಪ್ರತಿ ಸ್ಥಳೀಯ ಪ್ರಾಧಿಕಾರದ, ಅಂದ್ರೆ ಪಂಚಾಯ್ತಿ ಪಾಲಿಕೆಗಳ ಕರ್ತವ್ಯ ಅಂತಿದೆ. ಸಂವಿಧಾನದ ಪಟ್ಟಿಲಿ ಇಲ್ಲದ ಕೆಲಸ ಈ ಕಾಯ್ದೆಲಿ ಕರ್ತವ್ಯ ಆಯ್ತು. ಆ ಮಧ್ಯದ ಸಂದಿಲೇ ನಮ್ಮ ಸಿಟಿ ಶಾಲೆಗಳು ಬಿದ್ದಿರೋದು. ಕಟ್ಟಡ ಸೋರ್ತಿದೆ ಅಂತ ಹೋದ್ರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಲ್ಲಿ ಅರ್ಜಿ ತಗೋತಾರೆ, ಜಾಗ ಪಾಲಿಕೇದು ಅಂತ ಇಂಜಿನಿಯರ್ ಕಡೆ ಕಳಿಸ್ತಾರೆ, ಇಂಜಿನಿಯರು ಶಾಲೆ ಇಲಾಖೇದು ನಂದಲ್ಲ ಅಂತಾರೆ, ಕೊನೆಗೆ ಎಂಎಲ್‌ಎ ಗ್ರಾಂಟಲ್ಲಿ ಆಗತ್ತೇನೋ ನೋಡೋಣ ಅಂತ ಯಾರೋ ಅವರ ಕಡೆಯವರ ನಂಬರ್ ಕೊಡ್ತಾರೆ. ಮಳೆ ಮಾತ್ರ ಯಾವ ಆಫೀಸಿಗೂ ಕಾಯಲ್ಲ.

ಹಾಗಂತ ಪಾಲಿಕೆನೇ ನಡೆಸೋ ಶಾಲೆಗಳು ಇಲ್ವಾ ಅಂದ್ರೆ ಇವೆ. ಬಿಬಿಎಂಪಿ ಕಾಲದಲ್ಲಿ ನರ್ಸರಿಯಿಂದ ಡಿಗ್ರಿ ಕಾಲೇಜಿನವರೆಗೆ ಎಲ್ಲ ಸೇರಿ ನೂರೈವತ್ತಕ್ಕೂ ಜಾಸ್ತಿ, ಅದರಲ್ಲಿ ಹೆಚ್ಚಿನವು ಬರೀ ನರ್ಸರಿಗಳು. ಕೋಟಿ ದಾಟಿದ ಜನಸಂಖ್ಯೆಗೆ ಇಷ್ಟು. ಅಲ್ಲಿನ ಟೀಚರ್‌ಗಳಲ್ಲಿ ಬಹುಪಾಲು ಜನ ಹೊರಗುತ್ತಿಗೆ, ಅದೂ ಸೆಕ್ಯೂರಿಟಿ ಗಾರ್ಡ್ ಸಪ್ಲೈ ಮಾಡೋ ಏಜೆನ್ಸಿಗಳ ಮೂಲಕ ಮೇಷ್ಟ್ರುಗಳನ್ನ ತಗೊಂಡಿದಾರೆ ಅಂತ ದೊಡ್ಡ ಸುದ್ದಿ ಆಗಿತ್ತಲ್ಲ, ಗೇಟ್ ಕಾಯೋರು ಪಾಠ ಮಾಡೋರು ಒಂದೇ ಟೆಂಡರಿನಲ್ಲಿ. ಸ್ಥಳೀಯ ಸಂಸ್ಥೆ ಕೈಗೆ ಕೊಟ್ಟ ತಕ್ಷಣ ಶಾಲೆ ಉದ್ಧಾರ ಆಗಲ್ಲ ಅನ್ನೋದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಈಗ ದುಡ್ಡಿನ ವಿಷಯಕ್ಕೆ ಬರೋಣ, ಇಲ್ಲಿ ಸ್ವಲ್ಪ ನಿಧಾನಕ್ಕೆ ಲೆಕ್ಕ ಹಾಕಬೇಕು. ಟೀಚರ್ ಸಂಬಳ, ಬಿಸಿಯೂಟ, ಪುಸ್ತಕ, ಯೂನಿಫಾರ್ಮ್ ಎಲ್ಲ ಮೇಲಿಂದ ಬರತ್ತೆ, ಅದೇ ದೊಡ್ಡ ಖರ್ಚು, ಸರ್ಕಾರ ದುಡ್ಡೇ ಹಾಕಲ್ಲ ಅಂದ್ರೆ ಸುಳ್ಳಾಗತ್ತೆ. ನಾನು ಹೇಳ್ತಿರೋದು ಶಾಲೆ ತಾನೇ ತೀರ್ಮಾನ ಮಾಡಿ ಖರ್ಚು ಮಾಡಬಹುದಾದ ದುಡ್ಡಿನ ಬಗ್ಗೆ. ಸಮಗ್ರ ಶಿಕ್ಷಣ ಅನ್ನೋ ಸರ್ಕಾರಿ ಯೋಜನೆಲಿ ಇದಕ್ಕೆ ಶಾಲಾ ಅನುದಾನ ಅಂತ ಇದೆ, ಮಕ್ಕಳ ಸಂಖ್ಯೆ ನೋಡಿ ಸ್ಲ್ಯಾಬ್: 30 ಮಕ್ಕಳವರೆಗೆ ವರ್ಷಕ್ಕೆ 10 ಸಾವಿರ, 100ರವರೆಗೆ 25 ಸಾವಿರ, 250ರವರೆಗೆ 50 ಸಾವಿರ, 1000ದವರೆಗೆ 75 ಸಾವಿರ, ಅದರ ಮೇಲೆ ಒಂದು ಲಕ್ಷ. ನಾನು ಹೇಳಿದ ಶಾಲೆಲಿ ಸುಮಾರು 180 ಮಕ್ಕಳು, ಅಂದ್ರೆ 50 ಸಾವಿರ. ತಲೆಗೆ ವರ್ಷಕ್ಕೆ 277 ರೂಪಾಯಿ ಚಿಲ್ಲರೆ, ತಿಂಗಳಿಗೆ 23 ರೂಪಾಯಿ. ಸೀಮೆಸುಣ್ಣ, ರಿಜಿಸ್ಟರು, ಟ್ಯೂಬ್‌ಲೈಟು, ನಲ್ಲಿ ರಿಪೇರಿ, ಪೊರಕೆ ಫಿನಾಯಿಲು, ಆಗಸ್ಟ್ 15ರ ಲಾಡು ಎಲ್ಲಾ ಇದರಲ್ಲೇ. ಅದರಲ್ಲೂ ಕನಿಷ್ಠ ಹತ್ತು ಪರ್ಸೆಂಟ್ ಸ್ವಚ್ಛತೆಗೆ ಅಂತ ತೆಗೆದಿಡಬೇಕು, ಐದು ಸಾವಿರ.

ಸ್ಲ್ಯಾಬನ್ನ ಇನ್ನೊಂದು ಸಲ ನೋಡಿ. 30 ಮಕ್ಕಳಿರೋ ಶಾಲೆಗೆ ತಲೆಗೆ 333 ರೂಪಾಯಿ, 1000 ಮಕ್ಕಳಿರೋ ಶಾಲೆಗೆ ತಲೆಗೆ 75. ಚಿಕ್ಕ ಶಾಲೆಗೂ ಮಿನಿಮಂ ಖರ್ಚು ಇರತ್ತೆ, ಹಾಗಾಗಿ ಈ ಲೆಕ್ಕ ಹಳ್ಳಿಗೆ ಸರಿ. ಆದ್ರೆ ಬೆಂಗಳೂರಿನ ಹೊರವಲಯದ ಬಡಾವಣೆಗಳಲ್ಲಿ, ಯಾದಗಿರಿ ರಾಯಚೂರು ಕಲಬುರ್ಗಿಯಿಂದ ಕಟ್ಟಡ ಕೆಲಸಕ್ಕೆ ಬಂದೋರ ಮಕ್ಕಳು ಜೂನ್ ತಿಂಗಳು ದಾಟಿದ ಮೇಲೂ ಬಂದು ಸೇರ್ತಾನೇ ಇರ್ತಾರಲ್ಲ, ಅಲ್ಲಿ ಒಂದೊಂದು ಶಾಲೆಲಿ ನೂರಾರು ಮಕ್ಕಳು, ಟಾಯ್ಲೆಟ್ ಮಾತ್ರ ಅವೇ ನಾಲ್ಕು. ಮಕ್ಕಳು ಜಾಸ್ತಿ ಆದಷ್ಟೂ ತಲಾ ದುಡ್ಡು ಕಮ್ಮಿ ಆಗ್ತಾ ಹೋಗತ್ತೆ. ಸರ್ಕಾರಿ ಶಾಲೆ ಖಾಲಿ ಆಗ್ತಿದೆ ಅಂತ ಅಳೋರು ತುಂಬಿರೋ ಸರ್ಕಾರಿ ಶಾಲೆಗೆ ಆಗೋ ಈ ಶಿಕ್ಷೆ ಬಗ್ಗೆ ಮಾತಾಡಿದ್ದು ನಾನಂತೂ ಕೇಳಿಲ್ಲ.

2022ರ ಅಕ್ಟೋಬರ್‌ನಲ್ಲಿ ಏನಾಯ್ತು ನೆನಪಿಸ್ಕೊಳಿ. ಶಿಕ್ಷಣ ಇಲಾಖೆಯಿಂದ ಒಂದು ಸುತ್ತೋಲೆ, ಎಸ್‌ಡಿಎಂಸಿಗಳು ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ತಗೋಬಹುದು, ಶಾಲೆ ದಿನನಿತ್ಯದ ಖರ್ಚಿಗೆ. ಸ್ವಯಂಪ್ರೇರಿತ, ಒತ್ತಾಯ ಇಲ್ಲ ಅಂತಲೂ ಬರೆದಿದ್ರು. ಗಲಾಟೆ ಆಯ್ತು, ಕೆಲವೇ ದಿನದಲ್ಲಿ ವಾಪಸ್ ತಗೊಂಡ್ರು. ಗಲಾಟೆ ಎಲ್ಲ 'ಉಚಿತ ಶಿಕ್ಷಣ ಅಂತ ಹೇಳಿ ಫೀಸ್ ಕೇಳ್ತೀರಾ' ಅನ್ನೋದರ ಮೇಲೆ ನಡೀತು, ಸರಿನೇ. ಆದ್ರೆ ಮೇಲಿನ ಲೆಕ್ಕದ ಪಕ್ಕ ಇಟ್ಟು ನೋಡಿ: ತಿಂಗಳಿಗೆ 100 ಅಂದ್ರೆ ವರ್ಷಕ್ಕೆ 1200, ನಮ್ಮ 180 ಮಕ್ಕಳ ಶಾಲೆಲಿ ಸರ್ಕಾರದ ಅನುದಾನ ತಲೆಗೆ 277. ಅಂದ್ರೆ ಗಾರ್ಮೆಂಟ್ಸ್ ಕೆಲಸದ ತಾಯಿ ಹತ್ರ ಸರ್ಕಾರ ಕೇಳಿದ್ದು ತಾನು ಕೊಡೋದರ ನಾಲ್ಕು ಪಟ್ಟಿಗಿಂತ ಜಾಸ್ತಿ. ಸುತ್ತೋಲೆ ಬರೆದೋರಿಗೆ ಶಾಲೆ ನಡೆಸೋಕೆ ನಿಜವಾಗ್ಲೂ ಎಷ್ಟು ಬೇಕು ಅಂತ ಗೊತ್ತಿತ್ತು ಅನ್ಸತ್ತೆ. ಸುತ್ತೋಲೆ ವಾಪಸ್ ಹೋಯ್ತು, ಆ ಕೊರತೆ ಅಲ್ಲೇ ಉಳೀತು.

2023ರ ನವೆಂಬರ್ 1ಕ್ಕೆ ಸರ್ಕಾರಿ ಶಾಲೆಗಳಿಗೆ ಕರೆಂಟು ನೀರು ಫ್ರೀ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಘೋಷಣೆ ಮಾಡಿದ್ರು, ಅದು ನಿಜಕ್ಕೂ ಒಳ್ಳೇ ಕೆಲಸ. ಬಿಲ್ ಕಟ್ಟಿಲ್ಲ ಅಂತ ಫ್ಯೂಸ್ ಕಿತ್ಕೊಂಡು ಹೋಗೋ ಭಯ ಹೋಯ್ತು.

ಟಾಯ್ಲೆಟ್ ಕಥೆ ಮಾತ್ರ ಹಂಗೇ ಇದೆ. 2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಒಂದು ಸರ್ಕಾರಿ ಶಾಲೆಲಿ ಮಕ್ಕಳು ಟಾಯ್ಲೆಟ್ ತೊಳೀತಿರೋ ವಿಡಿಯೋ ಹೊರಗೆ ಬಂತು, ಎಲ್ಲರಿಗೂ ಸಿಟ್ಟು ಬಂತು, ಬರಲೇಬೇಕು, ಹೆಡ್‌ಮಿಸ್ ಸಸ್ಪೆಂಡ್ ಆದ್ರು. ಮಕ್ಕಳ ಕೈಲಿ ಅದು ಮಾಡಿಸಿದ್ದಕ್ಕೆ ಸಮರ್ಥನೆ ಇಲ್ಲವೇ ಇಲ್ಲ. ಆದ್ರೆ ಆಮೇಲಿನ ಪ್ರಶ್ನೆ ಯಾರೂ ಕೇಳಲಿಲ್ಲ, ಹಾಗಾದ್ರೆ ಯಾರು ತೊಳೀಬೇಕು? ಸಾಮಾನ್ಯ ಸರ್ಕಾರಿ ಪ್ರಾಥಮಿಕ ಶಾಲೆಲಿ ಆ ಕೆಲಸಕ್ಕೆ ಅಂತ ಹುದ್ದೆನೇ ಇಲ್ಲ. ನಮ್ಮ ಶಾಲೆಲಿ ಪಕ್ಕದ ಬೀದಿಯ ಒಬ್ಬ ಅಜ್ಜಿ ಬಂದು ಮಾಡಿ ಹೋಗ್ತಾರೆ, ತಿಂಗಳಿಗೆ ಮೂರು ಸಾವಿರ. ವರ್ಷಕ್ಕೆ 36 ಸಾವಿರ ಆಯ್ತು, ಬರೋದೇ 50. ಹಂಗಾಗಿ ಅರ್ಧ ಹೆಡ್‌ಮಿಸ್ ತಮ್ಮ ಪರ್ಸಿಂದ, ಉಳಿದಿದ್ದು ಟೀಚರ್‌ಗಳು ಇನ್ನೂರು ಇನ್ನೂರು ಹಾಕಿ. ಅಜ್ಜಿ ಮೊಮ್ಮಗಳ ಮದುವೆಗೆ ಊರಿಗೆ ಹೋದ್ರೆ ಹದಿನೈದು ದಿನ ಹೆಣ್ಣುಮಕ್ಕಳು ನೀರು ಕುಡಿಯೋದೇ ಕಮ್ಮಿ ಮಾಡ್ತಾರೆ. ಇದು ಯಾವ ರಿಪೋರ್ಟಲ್ಲೂ ಬರಲ್ಲ, ರಿಪೋರ್ಟಲ್ಲಿ 'ಹೆಣ್ಣುಮಕ್ಕಳ ಶೌಚಾಲಯ: ಇದೆ' ಅಂತ ಟಿಕ್ ಬಿದ್ದಿರತ್ತೆ.

ಟೀಚರ್ ವಿಷಯದಲ್ಲೂ ಹಂಗೇ, ರಾಜ್ಯಕ್ಕೆಲ್ಲ ಒಂದೇ ಅಳತೆ. ಖಾಲಿ ಹುದ್ದೆ ತುಂಬೋ ಬದಲು ಪ್ರತಿ ವರ್ಷ ಅತಿಥಿ ಶಿಕ್ಷಕರನ್ನ ತಗೋತಾರೆ, ಪ್ರಾಥಮಿಕ ಶಾಲೆಲಿ ಗೌರವಧನ 10 ಸಾವಿರ ಇತ್ತು, 2025-26ರ ಬಜೆಟ್ಟಲ್ಲಿ ಎರಡು ಸಾವಿರ ಜಾಸ್ತಿ ಮಾಡಿ 12 ಸಾವಿರ ಆಯ್ತು. ಊರಲ್ಲಿ ಸ್ವಂತ ಮನೆ ಇರೋ ಡಿಎಡ್ ಮಾಡಿದ ಹುಡುಗಿಗೆ ಅದು ಹೆಂಗೋ ಸಾಕಾಗಬಹುದು. ಬೆಂಗಳೂರಲ್ಲಿ 12 ಸಾವಿರಕ್ಕೆ ಬಾಡಿಗೆ ಕಟ್ಟಿ ಬಸ್ ಚಾರ್ಜ್ ಕೊಟ್ಟು ಯಾರು ಉಳೀತಾರೆ, ಸ್ವಿಗ್ಗಿ ಬ್ಯಾಗ್ ಹಾಕ್ಕೊಂಡ್ರೆ ಅದಕ್ಕಿಂತ ಜಾಸ್ತಿ ಸಿಗತ್ತೆ. ಜುಲೈಲಿ ಬಂದೋರು ಅಕ್ಟೋಬರ್‌ಗೆ ಬಿಟ್ಟು ಹೋಗ್ತಾರೆ, ಮಕ್ಕಳು ಒಂದೇ ವರ್ಷದಲ್ಲಿ ಇಂಗ್ಲಿಷಿಗೆ ಮೂರು ಮಿಸ್ ನೋಡಿರ್ತಾರೆ. ಅತಿಥಿ ಶಿಕ್ಷಕರನ್ನ ಆರಿಸೋದರಲ್ಲಿ ಎಸ್‌ಡಿಎಂಸಿಗೂ ಪಾತ್ರ ಇದೆ ಅಂತ ಹೇಳ್ತಾರೆ, ಇದೆ, ಆದ್ರೆ ಸಂಬಳ ಎಷ್ಟು ಯಾವಾಗ ಅನ್ನೋದು ಅವರ ಕೈಲಿಲ್ಲ. ಆಯ್ಕೆ ಮಾಡೋಕೆ ಮೊದಲು ಯಾರಾದ್ರೂ ಬರಬೇಕಲ್ಲ.

ಹಾಗಾದ್ರೆ ಬೆಂಗಳೂರಲ್ಲಿ ದುಡ್ಡಿಲ್ವಾ? ಮನೆ ಕಂದಾಯ ಕಟ್ಟೋರು ಗಮನಿಸಿರ್ತೀರ, ತೆರಿಗೆ ಮೇಲೆ 24 ಪರ್ಸೆಂಟ್ ಸೆಸ್ ಅಂತ ಬೀಳ್ತಿತ್ತು. ಅದರಲ್ಲಿ 15 ಆರೋಗ್ಯಕ್ಕೆ, 6 ಗ್ರಂಥಾಲಯಕ್ಕೆ, 3 ಭಿಕ್ಷುಕರ ಪುನರ್ವಸತಿಗೆ. ಕೂಡಿಸಿದ್ರೆ 24 ಆಯ್ತು, ಮುಗೀತು. ಲೈಬ್ರರಿಗೆ ಪಾಲಿದೆ, ಶಾಲೆಗಿಲ್ಲ. ಮುಂಬೈ ನೋಡಿ, ಅಲ್ಲಿ 1888ರ ಕಾಯ್ದೆ ಕಾಲದಿಂದ ಬಂದ ಮಹಾನಗರಪಾಲಿಕೆ ಸಾವಿರಕ್ಕೂ ಹೆಚ್ಚು ಶಾಲೆ ನಡೆಸತ್ತೆ, ಇತ್ತೀಚಿನ ಬಜೆಟ್‌ಗಳಲ್ಲಿ ಶಿಕ್ಷಣಕ್ಕೆ ಅಂತಲೇ ವರ್ಷಕ್ಕೆ ಮೂರು ಸಾವಿರ ಕೋಟಿಗೂ ಜಾಸ್ತಿ ಇಡತ್ತೆ, ಎಂಟು ಭಾಷೆಲಿ ಪಾಠ, ಅದರಲ್ಲಿ ಕನ್ನಡನೂ ಒಂದು. ಮುಂಬೈ ಪಾಲಿಕೆ ಕನ್ನಡ ಶಾಲೆಲಿ ಓದಿ ಮೇಲೆ ಬಂದ ಕರಾವಳಿ ಕಡೆಯ ಎಷ್ಟೋ ಮನೆತನಗಳು ಇವತ್ತಿಗೂ ಅದನ್ನ ನೆನೆಸ್ಕೋತಾರೆ. ಅಲ್ಲೂ ಮಕ್ಕಳು ಇಂಗ್ಲಿಷ್ ಮೀಡಿಯಂ ಕಡೆ ಓಡ್ತಿದಾರೆ, ಅಲ್ಲೂ ಗೋಳು ಇದೆ, ಆದ್ರೆ ಶಾಲೆ ಯಾರದ್ದು ಅನ್ನೋ ಗೊಂದಲ ಇಲ್ಲ.

ನಮ್ಮಲ್ಲಿ ಆ ಜಾಗಕ್ಕೆ ಬಂದಿರೋದು ಕಂಪನಿಗಳು ಸಮಾಜಸೇವೆಗೆ ಅಂತ ಕೊಡೋ ದುಡ್ಡು, ಅಂದ್ರೆ ಸಿಎಸ್‌ಆರ್. ಬೇಡ ಅನ್ನಲ್ಲ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ 1500 ಕೋಟಿ ಕೊಡ್ತೀವಿ ಅಂತ ಒಪ್ಪಂದ ಮಾಡ್ಕೊಂಡ ಮೇಲೇ 2024ರಿಂದ ಮಕ್ಕಳಿಗೆ ವಾರದಲ್ಲಿ ಆರು ದಿನ ಮೊಟ್ಟೆ ಸಿಗ್ತಿರೋದು, ಅದನ್ನ ಆಡ್ಕೊಂಡ್ರೆ ಪಾಪ ಬರತ್ತೆ. ಆದ್ರೆ ಎಲ್ಲ ದಾನಿಗಳೂ ಮೊಟ್ಟೆ ಕೊಡಲ್ಲ. ಹೆಚ್ಚಿನವರಿಗೆ ಫೋಟೋದಲ್ಲಿ ಕಾಣೋದು ಬೇಕು, ಪೇಂಟಿಂಗು, ಸ್ಮಾರ್ಟ್ ಟಿವಿ, ಬ್ಯಾಗು. ನಾವು ಹಳೇ ವಿದ್ಯಾರ್ಥಿಗಳು ಸೇರಿ ಮಾಡಿದ್ದೂ ಅದೇ ತಪ್ಪು, ಒಪ್ಕೋತೀನಿ. ದುಡ್ಡು ಹಾಕಿ ದೊಡ್ಡ ಟಿವಿ ಕೊಟ್ವಿ, ರಿಬ್ಬನ್ ಕಟ್ ಮಾಡಿದ್ವಿ, ವಾಟ್ಸಾಪಲ್ಲಿ ಎಲ್ಲರೂ ಚಪ್ಪಾಳೆ. ಆರು ತಿಂಗಳಾದ ಮೇಲೆ ಹೋಗಿ ನೋಡಿದ್ರೆ ಟಿವಿ ಬೀರು ಒಳಗೆ, ಮೇಲೆ ಹಳೇ ಸೀರೆ ಹೊದಿಸಿ ಇಟ್ಟಿದಾರೆ. ಯಾಕೆ ಮಿಸ್ ಅಂದ್ರೆ, ಹಿಂದಿನ ಕಾಂಪೌಂಡ್ ಬಿದ್ದೋಗಿದೆಯಲ್ಲಪ್ಪ, ಕಳ್ಳತನ ಆದ್ರೆ ಎಫ್‌ಐಆರ್‌ಗೆ ನಾನೇ ಓಡಾಡಬೇಕು ಅಂದ್ರು. ನಮ್ಮನ್ನ ಒಂದು ಮಾತು ಕೇಳಿದ್ರೆ ಗೋಡೆ ಕೇಳ್ತಿದ್ವಿ ಅಂತ ಶೂ ಮಡಚಿದ ತಾಯಿ ಪಕ್ಕದಲ್ಲಿ ನಿಂತು ನಗ್ತಾ ಅಂದ್ರು. ಆರ್‌ಟಿಇ 22ನೇ ಸೆಕ್ಷನ್ ಪ್ರಕಾರ ಶಾಲಾಭಿವೃದ್ಧಿ ಯೋಜನೆ ಬರೆಯೋದು ಆ ಸಮಿತಿ ಕೆಲಸ, ಗೋಡೆ ಅವರ ಯೋಜನೆಲಿ ಮೊದಲನೇ ಸಾಲಲ್ಲೇ ಇತ್ತಂತೆ. ನಾವು ಓದಿರಲಿಲ್ಲ, ಮೇಲಿನ ಆಫೀಸಲ್ಲೂ ಯಾರೂ ಓದಿದ ಹಂಗಿಲ್ಲ.

ಇನ್ನು ಈ 'ಸಮುದಾಯ' ಅಂದ್ರೆ ಯಾರು ಅನ್ನೋದು. ಹಳ್ಳಿಲಿ ಶಾಲೆಗೆ ಜಾಗ ಕೊಟ್ಟೋರ ಮೊಮ್ಮಗನೂ ಅಲ್ಲೇ ಓದಿರ್ತಾನೆ. ಬೆಂಗಳೂರಲ್ಲಿ ಶಾಲೆ ಸುತ್ತ ಇರೋರು ಬೇರೆ, ಶಾಲೆ ಒಳಗೆ ಇರೋರು ಬೇರೆ. ಸುತ್ತ ಇರೋ ಮನೆ ಓನರ್‌ಗಳ ಮಕ್ಕಳು ಯಾವ ಕಾಲಕ್ಕೋ ಪ್ರೈವೇಟಿಗೆ ಹೋದ್ರು, ಅವರಿಗೆ ಸರ್ಕಾರಿ ಶಾಲೆ ಅಂದ್ರೆ ಓಟಿನ ಬೂತು, ಭಾನುವಾರ ಕ್ರಿಕೆಟ್ಟಿಗೆ ಗ್ರೌಂಡು, ರಾತ್ರಿ ಕಾರ್ ನಿಲ್ಲಿಸೋ ಜಾಗ. ಒಳಗಿರೋ ಮಕ್ಕಳ ಅಪ್ಪ ಅಮ್ಮಂದಿರು ಬಾಡಿಗೆ ಮನೆಯವರು, ಶೆಡ್ಡಿನವರು, ಎಷ್ಟೋ ಜನಕ್ಕೆ ಇಲ್ಲಿ ಓಟೂ ಇಲ್ಲ, ಊರಲ್ಲಿದೆ. ಸ್ಥಳೀಯ ಅಂತ ನಾವು ಕರೆಯೋ ಜನಕ್ಕೆ ಶಾಲೆ ಬೇಡ, ಶಾಲೆ ಬೇಕಾದ ಜನ ಸ್ಥಳೀಯರ ಲೆಕ್ಕದಲ್ಲಿಲ್ಲ. ಈ ಗಂಟನ್ನ ಬಿಡಿಸದೆ ಸಮುದಾಯದ ಸಹಭಾಗಿತ್ವ ಅಂದ್ರೆ ಅದು ಭಾಷಣ.

ಮಧ್ಯಮ ವರ್ಗದ ಕೆಳಗಿನವರೂ ಹೊರಟು ಹೋಗಿದ್ದಕ್ಕೆ ಸರ್ಕಾರನೇ ದಾರಿ ಮಾಡಿತ್ತು ಅನ್ನೋರು ಇದಾರೆ. ಆರ್‌ಟಿಇ ಪ್ರಕಾರ ಬಡ ಮಕ್ಕಳಿಗೆ ಮೀಸಲಿಟ್ಟ 25 ಪರ್ಸೆಂಟ್ ಸೀಟಲ್ಲಿ ಖಾಸಗಿ ಶಾಲೆಗೆ ಒಂದು ಮಗುವಿಗೆ ವರ್ಷಕ್ಕೆ 16 ಸಾವಿರದವರೆಗೆ ಸರ್ಕಾರನೇ ಕಟ್ಟತಿತ್ತು. 2019-20ರಿಂದ ನಿಯಮ ಬದಲಾಯ್ತು, ನೆರೆಹೊರೆಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ರೆ ಖಾಸಗಿಲಿ ಆ ಸೀಟಿಲ್ಲ, ಹೈಕೋರ್ಟೂ ಅದನ್ನ ಎತ್ತಿ ಹಿಡೀತು. ಆ ದುಡ್ಡು ಉಳಿಸಿ ಸರ್ಕಾರಿ ಶಾಲೆಗೇ ಹಾಕ್ತೀವಿ ಅನ್ನೋ ವಾದ ನಂಗೆ ತತ್ವವಾಗಿ ಒಪ್ಪಿಗೆನೇ. ಆದ್ರೆ ಬಾಗಿಲು ಮುಚ್ಚಿದ ಮೇಲೆ ಒಳಗಿನ ಟಾಯ್ಲೆಟ್ ತೊಳೆಯೋಕೆ ಒಬ್ಬರನ್ನ ಕೊಡಬೇಕಿತ್ತು.

ಸರಿ, ಹಾಗಾದ್ರೆ ಎಲ್ಲಾ ಅಧಿಕಾರ ಎಸ್‌ಡಿಎಂಸಿಗೆ ಕೊಟ್ಬಿಡೋಣ ಅಂದ್ರೆ ಅದಕ್ಕೂ ನಾನು ಹೂಂ ಅನ್ನಲ್ಲ. ಅಮೆರಿಕದ ಶಿಕಾಗೋದಲ್ಲಿ 1988ರಲ್ಲೇ ಕಾನೂನು ಮಾಡಿ ಪ್ರತಿ ಶಾಲೆಗೆ ಚುನಾಯಿತ ಸಮಿತಿ ಮಾಡಿದ್ರು, ಪೋಷಕರೇ ಹೆಚ್ಚು, ಪ್ರಿನ್ಸಿಪಾಲ್ ಯಾರು ಅಂತ ಆರಿಸೋ ಅಧಿಕಾರನೂ ಕೊಟ್ಟರು. ಕೆಲವು ಶಾಲೆ ಬದಲಾದವು, ಕೆಲವಲ್ಲಿ ಜಗಳನೇ ಜಾಸ್ತಿ ಆಯ್ತು, ಏಳು ವರ್ಷಕ್ಕೆ ಮೇಯರ್ ಇಡೀ ವ್ಯವಸ್ಥೆ ಮೇಲೆ ಹಿಡಿತ ತಗೊಂಡ. ಡೆಟ್ರಾಯಿಟ್‌ನಲ್ಲಿ ಉಲ್ಟಾ, ಸ್ಥಳೀಯರಿಗೆ ಆಗಲ್ಲ ಅಂತ 1999ರಲ್ಲಿ ರಾಜ್ಯ ಕೈ ಹಾಕ್ತು, ಮಧ್ಯೆ ಕೆಲವು ವರ್ಷ ಬಿಟ್ಟು ಮತ್ತೆ ರಾಜ್ಯ ನೇಮಿಸಿದ ಮ್ಯಾನೇಜರ್‌ಗಳು, ಸಾಲ ಇಳೀಲಿಲ್ಲ ಏರ್ತು, ಕೊನೆಗೆ 2016ರಲ್ಲಿ 617 ಮಿಲಿಯನ್ ಡಾಲರ್ ಪ್ಯಾಕೇಜ್ ಕೊಟ್ಟು ಶಾಲೆ ನಡೆಸೋ ಸಂಸ್ಥೆನ (ಅಲ್ಲಿ ಅದಕ್ಕೆ ಸ್ಕೂಲ್ ಡಿಸ್ಟ್ರಿಕ್ಟ್ ಅಂತಾರೆ) ಹಳೇ ಸಾಲಕ್ಕೊಂದು ಮಕ್ಕಳಿಗೊಂದು ಅಂತ ಒಡೆದು ಚುನಾಯಿತ ಬೋರ್ಡಿಗೆ ವಾಪಸ್ ಕೊಟ್ಟರು. ಅಲ್ಲಿ ಮನೆ ತೆರಿಗೆ ಮೇಲೆ ಶಾಲೆ ನಡೆಯೋ ಪದ್ಧತಿಯಿಂದ ಬಡವರ ಏರಿಯಾಗೆ ಬಡ ಶಾಲೆ ಅನ್ನೋ ಇನ್ನೊಂದು ಕಾಯಿಲೆ ಬೇರೆ. ದುಡ್ಡು ಎತ್ತೋದು ಸ್ಥಳೀಯವಾದ್ರೆ ಕೋರಮಂಗಲದ ಶಾಲೆಗೆ ಎಸಿ, ಪೀಣ್ಯದ ಶಾಲೆಗೆ ತಗಡು.

ಅದಕ್ಕೇ ನನ್ನ ಲೆಕ್ಕ ಇಷ್ಟು. ದೊಡ್ಡ ದುಡ್ಡು, ಟೀಚರ್ ಹುದ್ದೆ, ಕಟ್ಟಡ ಇವು ರಾಜ್ಯದ ತಲೆಮೇಲೇ ಇರಲಿ, ಅದನ್ನ ಜನರ ದೇಣಿಗೆಗೆ ಜಾರಿಸಬಾರದು. ಚಿಕ್ಕ ದುಡ್ಡು ಮತ್ತೆ ದಿನನಿತ್ಯದ ತೀರ್ಮಾನ ಪೂರ್ತಿ ಶಾಲೆ ಕೈಗೆ ಬರಲಿ, ಆ ಚಿಕ್ಕ ದುಡ್ಡು ನಾಚಿಕೆ ಆಗದಷ್ಟಾದ್ರೂ ಇರಲಿ. ಸ್ಲ್ಯಾಬ್ ತೆಗೆದು ಒಂದು ಮಿನಿಮಂ ಪ್ಲಸ್ ತಲಾ ಇಷ್ಟು ಅಂತ ಮಾಡೋಕೆ ರಾಕೆಟ್ ಸೈನ್ಸ್ ಬೇಡ. ಕ್ಲೀನಿಂಗಿಗೆ ಪ್ರತ್ಯೇಕ ದುಡ್ಡು, ಅತಿಥಿ ಶಿಕ್ಷಕರಿಗೆ ಬೆಂಗಳೂರಿನ ಬಾಡಿಗೆ ನೋಡಿ ಗೌರವಧನ. ಹೊಸ ಐದು ಪಾಲಿಕೆಗಳಿಗೆ ಶಾಲೆ ನಡೆಸೋ ಕೆಲಸ ಕೊಡ್ತಾರೋ ಬಿಡ್ತಾರೋ, ಗೋಡೆ, ನಲ್ಲಿ, ಚಾವಣಿ ರಿಪೇರಿ ಯಾರದು ಅಂತ ಒಂದು ಹೆಸರು ಬರೆದು ಶಾಲೆ ಗೇಟಿಗೆ ನೇತು ಹಾಕಲಿ. ಇನ್ನೊಂದು, ಆರ್‌ಟಿಇ ಪ್ರಕಾರ ಸಮಿತಿಲಿ ಮುಕ್ಕಾಲು ಭಾಗ ಪೋಷಕರು, ಒಟ್ಟಲ್ಲಿ ಅರ್ಧ ಹೆಣ್ಣುಮಕ್ಕಳು ಇರಬೇಕು, ಸಂತೋಷ, ಆದ್ರೆ ಮೀಟಿಂಗ್ ಇಡೋದು ಕೆಲಸದ ದಿನ ಬೆಳಗ್ಗೆ 11ಕ್ಕೆ. ಗಾರ್ಮೆಂಟ್ಸಲ್ಲಿ ಒಂದು ದಿನ ರಜೆ ಹಾಕಿದ್ರೆ ಆ ದಿನದ ಸಂಬಳದ ಜೊತೆ ತಿಂಗಳ ಹಾಜರಿ ಬೋನಸ್ಸೂ ಹೋಗತ್ತೆ.

ನಮ್ಮ ಶಾಲೆಲಿ ಇದಕ್ಕೊಂದು ದಾರಿ ಕಂಡ್ಕೊಂಡಿದಾರೆ. ಭಾನುವಾರ ಸಂಜೆ ಐದಕ್ಕೆ, ಬೇವಿನ ಮರದ ಕಟ್ಟೆ ಮೇಲೆ ಸೇರ್ತಾರೆ, ಹೆಡ್‌ಮಿಸ್ ಬಸ್ ಹತ್ತಿ ಬರ್ತಾರೆ, ಮಕ್ಕಳೆಲ್ಲ ಪಕ್ಕದಲ್ಲೇ ಆಡ್ಕೋತಿರ್ತವೆ, ಹಿಂದಿನ ತಿಂಗಳು ಹದಿನೈದು ಜನ ಬಂದಿದ್ರು. ಮಾತುಕತೆ ಎಲ್ಲ ಮುಗಿದ ಮೇಲೆ ನಡಾವಳಿ ಪುಸ್ತಕ ತೆಗೆದು ಸಹಿ ಹಾಕಿಸ್ಕೋತಾರೆ. ತಾರೀಖಿನ ಜಾಗದಲ್ಲಿ ಮಾತ್ರ ಹಿಂದಿನ ದಿನದ್ದು, ಶನಿವಾರ, ಬೆಳಗ್ಗೆ 11 ಗಂಟೆ ಅಂತ ಬರೀತಾರೆ. ರಜಾ ದಿನ ನಡೆದ ಸಭೆಗೆ ಆಡಿಟ್‌ನೋರು ಆಕ್ಷೇಪಣೆ ಹಾಕಿದ್ರೆ ಅಂತ.